ಮನೆ ನಂಬ್ರ ಇನ್ನೂರ ಹದಿನಾಲ್ಕು

ಗೊತ್ತಿಲ್ಲ ಎಂಬ ಮಾತನ್ನು ಗುಣಪಾಲಣ್ಣ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಆಡಿದವರಲ್ಲ.

ಕೇರಳಕ್ಕೆ ಸೇರಿದ ಪೆರ್ಲದಿಂದ ನಾಲ್ಕು ಕಿಲೋಮೀಟರ್ ಒಳಗೆ, ಮೂರು ಮಾರ್ಗಗಳು ಸೇರುವಲ್ಲಿ ಅವರ ಅಂಗಡಿ. ಬಾಳೆಹಣ್ಣು, ಸೋಡಾ, ಹಗ್ಗ, ಮೊಬೈಲ್ ರೀಚಾರ್ಜು ಎಲ್ಲ ಸಿಗುತ್ತದೆ. ಆದರೆ ಇವೆಲ್ಲ ನೆಪ. ಅವರ ನಿಜವಾದ ಉದ್ಯೋಗ ದಾರಿ ಹೇಳುವುದು. ಗೊತ್ತಿದ್ದ ದಾರಿಯನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಿದ್ದರು. ಗೊತ್ತಿಲ್ಲದ ದಾರಿಗೆ ಐದು ವಾಕ್ಯ ಬೇಕಾಗುತ್ತಿತ್ತು. ಅದರಲ್ಲಿ ಒಂದು ಮುರಿದ ಕಟ್ಟೆ, ಎರಡು ತಾಳೆಮರ ಮತ್ತು "ಅಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ" ಎಂಬ ಭರವಸೆ ಸೇರಿರುತ್ತಿದ್ದವು.

ಹೀಗೆ ಗೊತ್ತಿಲ್ಲದವರನ್ನೆಲ್ಲ ಗುಣಪಾಲಣ್ಣ ಮೂಡು ದಿಕ್ಕಿನ ಮಾರ್ಗಕ್ಕೆ ಕಳಿಸುತ್ತಿದ್ದರು. ಇದನ್ನು ಅಜ್ಞಾನ ಎನ್ನಬಾರದು. ಇದೊಂದು ವ್ಯವಸ್ಥೆ. ಆ ಮಾರ್ಗ ಮೂರು ಕಿಲೋಮೀಟರ್ ಹೋಗಿ ಈಶ್ವರಪ್ರಸಾದ ಭಟ್ಟರ ಅಂಗಳದಲ್ಲಿ ಮುಗಿಯುತ್ತದೆ. ಅದರಿಂದ ಮುಂದೆ ದಾರಿ ತಪ್ಪಲು ಯಾರಿಗೂ ಸಾಧ್ಯವಿಲ್ಲ. ಅಂಗಳ ದೊಡ್ಡದು, ಲಾರಿ ಸಹ ತಿರುಗುತ್ತದೆ. ಭಟ್ಟರ ಹೆಂಡತಿ ಅನ್ನಪೂರ್ಣೇಶ್ವರಿ ಬಂದವರಿಗೆ ಕಾಫಿ ಕೊಡದೆ ಕಳಿಸುವುದಿಲ್ಲ. ತಪ್ಪಿದ ದಾರಿಯ ಕೊನೆಯಲ್ಲಿ ಒಂದು ಲೋಟ ಕಾಫಿ ಇಟ್ಟವರು ಈ ಜಿಲ್ಲೆಯಲ್ಲಿ ಗುಣಪಾಲಣ್ಣ ಒಬ್ಬರೇ.

ಒಮ್ಮೆ ಬೋರ್‌ವೆಲ್ ಲಾರಿಯೊಂದು ಹಾಗೆ ಹೋಯಿತು. ಭಟ್ಟರು ಇದು ಪಂಚಾಯತಿನ ಯಾವುದೋ ಯೋಜನೆ ಎಂದು ತಿಳಿದು ಜಾಗ ತೋರಿಸಿದರು. ಇನ್ನೂರು ಅಡಿಯಲ್ಲಿ ಒಳ್ಳೆಯ ನೀರು ಬಂತು. ಅದು ಯಾರ ನೀರು ಎಂಬ ಬಗ್ಗೆ ಇವತ್ತಿಗೂ ತರ್ಕ ಉಂಟು.

ಇಂಥ ಗುಣಪಾಲಣ್ಣನ ಒಬ್ಬಳೇ ಮಗಳು ಪೂಜಾಶ್ರೀ ಭೂಗೋಳದಲ್ಲಿ ಎಂ.ಎ. ಮಾಡಿ ಬದಿಯಡ್ಕದ ಕಡೆಯ ಒಂದು ಹೈಸ್ಕೂಲಿನಲ್ಲಿ ಗೆಸ್ಟ್ ಟೀಚರ್ ಆಗಿದ್ದಳು. ತಂದೆಗೆ ಇದು ಅರ್ಥವಾಗದ ವಿಷಯ.

"ಯಾವ ಊರು ಎಲ್ಲಿ ಉಂಟು ಅಂತ ತಿಳಿಯಲಿಕ್ಕೆ ಎಂ.ಎ. ಎಂತಕ್ಕೆ? ಬಾಯಿ ಉಂಟಾದರೆ ಕಾಶಿಗೂ ಹೋಗಬಹುದು."

"ಕೇಳುವವರಿಗೆ ಬಾಯಿ ಸಾಕಪ್ಪ. ಹೇಳುವವರಿಗೆ ಬೇರೆ ಸಹ ಎಂತದಾದರೂ ಬೇಕು," ಎನ್ನುತ್ತಿದ್ದಳು ಅವಳು.

ಎರಡು ವರ್ಷದ ಹಿಂದೆ ಅವಳ ಶಾಲೆಯಲ್ಲಿ ನಕ್ಷೆಯ ಬಗ್ಗೆ ಒಂದು ದಿನದ ತರಗತಿ ನಡೆಯಿತು. ವಿದ್ಯಾನಗರದ ಸರ್ವೆ ವಿಭಾಗದಿಂದ ಧನರಾಜ್ ಎಂಬ ಯುವಕ ಬಂದಿದ್ದ. ಅವನು ತೂಗುಹಾಕಿದ ನಕ್ಷೆಯಲ್ಲಿ ಉತ್ತರದ ಬಾಣ ಶಾಲೆಯ ಬಾವಿಯನ್ನು ತೋರಿಸುತ್ತಿತ್ತು. ಉತ್ತರ ಇದ್ದದ್ದು ಅಡಿಗೆಕೋಣೆಯ ಕಡೆ. ಪೂಜಾಶ್ರೀ ಅದನ್ನು ಎಲ್ಲರೆದುರು ಹೇಳಿದಳು. ಧನರಾಜ್ ಎಲ್ಲರೆದುರು ಒಪ್ಪಿಕೊಂಡ. ಹಾಗೆ ಒಪ್ಪಿಕೊಳ್ಳುವ ಗಂಡಸನ್ನು ಅವಳು ಮನೆಯಲ್ಲಿ ನೋಡಿರಲಿಲ್ಲ.

ಉಳಿದದ್ದನ್ನು ವಿವರಿಸಬೇಕಾಗಿಲ್ಲ. ಕಷ್ಟ ಇದ್ದದ್ದು ಧನರಾಜನ ಸೋದರಮಾವ ಚೆನ್ನಯ್ಯನವರದ್ದು. ಆ ಕುಟುಂಬದಲ್ಲಿ ಸೋದರಮಾವನ ಮಾತೇ ಕಡೆಯ ಮಾತು. ನಾಲ್ಕು ಅಳಿಯಂದಿರಿಗೆ ತಾನೇ ಹೆಣ್ಣು ಹುಡುಕಿದ ಹಿರಿಮೆ ಅವರದ್ದು. ಹುಡುಗ ಹುಡುಗಿ ಮೊದಲೇ ಮಾತಾಡಿಕೊಂಡದ್ದು ಗೊತ್ತಾದರೆ ಆ ಸಂಬಂಧದ ಕತೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಇಬ್ಬರೂ ಸೇರಿ ಒಬ್ಬ ದಲ್ಲಾಳಿಯನ್ನು ಹಿಡಿದು ತಮ್ಮ ಸಂಬಂಧವನ್ನು ತಮಗೇ ತರಿಸಿಕೊಂಡರು. ಜಾತಕ ಕೂಡಿತು. ಚೆನ್ನಯ್ಯನವರು ಇದು ತನ್ನದೇ ಶೋಧ ಎಂದು ನಂಬಿದರು. ಗುಣಪಾಲಣ್ಣನೂ ಹಾಗೆಯೇ ನಂಬಿದರು.

"ಆದಿತ್ಯವಾರ ಮೂರು ಗಂಟೆಗೆ ಬರ್ತೇವೆ," ಎಂದು ಚೆನ್ನಯ್ಯನವರು ಹೇಳಿಕಳಿಸಿದರು. "ನಾಲ್ಕೂವರೆಗೆ ರಾಹುಕಾಲ. ಅದರ ಮೊದಲು ಹುಡುಗಿಯ ಮನೆ ಹೊಸ್ತಿಲು ದಾಟಿ, ತಂದೆಯನ್ನು ಕಂಡು ಮಾತಾಡಬೇಕು. ಆಗದಿದ್ದರೆ ಅದು ದೇವರು ಬೇಡ ಅಂದ ಹಾಗೆ. ಮುಂದಿನ ವಾರ ಮಂಗಳೂರಿನ ಕಡೆ ಒಂದು ಉಂಟು, ಅವರ ಮನೆ ಮಾರ್ಗದ ಬದಿಯಲ್ಲೇ."

ಆದಿತ್ಯವಾರ ಮಧ್ಯಾಹ್ನ ಗುಣಪಾಲಣ್ಣನ ಹೆಂಡತಿ ಪಂಕಜಾಕ್ಷಿ ಆಜ್ಞೆ ಹೊರಡಿಸಿದರು.

"ನೀವು ಅಂಗಡಿ ಹತ್ರ ನಿಲ್ಲಿ. ಬಿಳಿ ಕಾರು ಬರ್ತದಂತೆ. ಅವರನ್ನು ಕರ್ಕೊಂಡು ಬನ್ನಿ. ಅಷ್ಟೇ ಕೆಲಸ. ಯಾರಿಗೂ ಎಂತದೂ ಹೇಳ್ಲಿಕ್ಕಿಲ್ಲ."

"ಯಾರಿಗೆ ಹೇಳ್ತೇನೆ ನಾನು?"

"ಗಂಗಾಳಿಗೆ."

ನೆರೆಮನೆಯ ಗಂಗಾ ಒಂದು ಸುದ್ದಿಯನ್ನು ಪೆರ್ಲ ಪೇಟೆಗೆ ಬಸ್ಸಿಗಿಂತ ಬೇಗ ತಲುಪಿಸುವವಳು. ಹೆಣ್ಣು ನೋಡಲು ಬಂದವರು ಒಪ್ಪದೆ ಹೋದರೆ ಹುಡುಗಿಗೆ ಕೆಟ್ಟ ಹೆಸರು. ಅದಕ್ಕೇ ಈ ಕಡೆಯಲ್ಲಿ ಅಂಥ ವಿಷಯವನ್ನು ಎರಡೂ ಕಡೆಯವರು ಗುಟ್ಟಾಗಿಡುವುದು ಪದ್ಧತಿ. ಬರುವವರು ಜಂಕ್ಷನಿನಲ್ಲಿ ಹೆಸರು ಹೇಳಿ ಮನೆ ಕೇಳುವುದಿಲ್ಲ. ಕಾಯುವವರು ಯಾರನ್ನು ಕಾಯುತ್ತೇವೆ ಎಂದು ಹೇಳುವುದಿಲ್ಲ. ಒಳ್ಳೆಯ ಪದ್ಧತಿ. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆ ಆದದ್ದಿಲ್ಲ.

ಬಿಳಿ ಕಾರಿನ ಟಯರು ಚೆರ್ಕಳ ದಾಟುವಾಗ ಒಡೆಯಿತು.

ಧನರಾಜ್ ತನಗೆ ಪರಿಚಯವಿದ್ದ ಪ್ರವೀಣನನ್ನು ಕರೆದ. ಪ್ರವೀಣ್ ತನ್ನ ಜೀಪನ್ನು ವಾರದ ಆರು ದಿನ ಸರ್ವೆ ಕೆಲಸಕ್ಕೆ ಬಾಡಿಗೆಗೆ ಓಡಿಸುವವನು. ಏಳನೆಯ ದಿನ ಮುಂದಿನ ಗಾಜಿನ ಮೇಲಿನ ಬೋರ್ಡು ತೆಗೆಯುವಷ್ಟು ಶ್ರಮ ಅವನು ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಮೂರು ಗಂಟೆ ಐದು ನಿಮಿಷಕ್ಕೆ ಗುಣಪಾಲಣ್ಣನ ಅಂಗಡಿಯ ಮುಂದೆ ಬಂದು ನಿಂತದ್ದು 'ಡಿಜಿಟಲ್ ಸರ್ವೆ' ಎಂದು ಮೂರು ಭಾಷೆಗಳಲ್ಲಿ ಬರೆದ ಜೀಪು.

ಅವರ ಅಂಗಡಿಯ ಜಗಲಿ ಎರಡೂವರೆ ಅಡಿ ಸರಕಾರದ ಪೊರಂಬೋಕು ಜಾಗದಲ್ಲಿತ್ತು. ಅವರು ಮೊದಲು ಮಾಡಿದ ಕೆಲಸ, ಜಗಲಿಯ ತುದಿಯಲ್ಲಿದ್ದ ಬಾಳೆಗೊನೆಯನ್ನು ಒಳಗೆ ಎಳೆದುಕೊಂಡದ್ದು. ಗೊನೆ ಒಳಗೆ ಹೋದರೆ ಜಗಲಿಯೂ ಹೋದಂತೆ ಎಂದು ಅವರಿಗೆ ಆ ಗಳಿಗೆಯಲ್ಲಿ ಅನಿಸಿತು.

ಜೀಪಿನಿಂದ ಬಿಳಿ ಮೀಸೆಯ ಹಿರಿಯರೊಬ್ಬರು ತಲೆ ಹೊರಹಾಕಿ ದನಿ ತಗ್ಗಿಸಿ ಕೇಳಿದರು.

"ಇವರೇ, ವಾರ್ಡ್ ಹನ್ನೊಂದು, ಮನೆ ನಂಬ್ರ ಇನ್ನೂರ ಹದಿನಾಲ್ಕು ಎಲ್ಲಿ ಬರ್ತದೆ?"

"ಯಾರ ಮನೆ?"

"ಹೆಸರೆಲ್ಲ ಬೇಡ. ನಂಬ್ರ ಸಾಕು."

"ಎಂತ ವಿಷಯ?"

"ಅದು ಹೇಳುವ ಹಾಗಿಲ್ಲ. ಒಳಗಿನ ವಿಷಯ."

ಹೆಸರು ಬೇಡ, ನಂಬ್ರ ಸಾಕು, ಹೇಳುವ ಹಾಗಿಲ್ಲ. ಇದು ಸರಕಾರವೇ. ಇನ್ನೂರ ಹದಿನಾಲ್ಕನೆಯ ಮನೆಯವ ಯಾವನೋ, ಅವನ ಗ್ರಹಚಾರ ಕೆಟ್ಟಿತು ಎಂದು ಗುಣಪಾಲಣ್ಣನಿಗೆ ಪಾಪ ಅನಿಸಿತು. ಅವನಿಗೆ ಒಂದಿಷ್ಟು ಹೊತ್ತಾದರೂ ಸಿಗಲಿ ಎಂಬ ಮಾನವೀಯತೆಯಿಂದ, ಜೀಪು ಬೇಗ ತನ್ನ ಜಗಲಿ ಬಿಟ್ಟು ಹೋಗಲಿ ಎಂಬ ವಿವೇಕದಿಂದ, ಅವರು ಮೂಡಕ್ಕೆ ಕೈ ಎತ್ತಿದರು.

"ಹೀಗೆ ನೇರ ಹೋಗಿ ಸಾರ್. ಒಂದು ಮುರಿದ ಕಟ್ಟೆ ಸಿಗ್ತದೆ. ಅಲ್ಲಿ ನಿಲ್ಲಬೇಡಿ. ಮುಂದೆ ಎರಡು ತಾಳೆಮರ. ಮಾರ್ಗ ಬಿಡಲೇಬೇಡಿ. ಮಾರ್ಗ ಎಲ್ಲಿ ಮುಗೀತದೋ ಅಲ್ಲೇ ಇನ್ನೂರ ಹದಿನಾಲ್ಕು."

ಹಿಂದಿನ ಸೀಟಿನ ಕತ್ತಲೆಯಲ್ಲಿ ಕೂತಿದ್ದ ಧನರಾಜ್ ಕೆಮ್ಮಿದ. "ಮಾವ, ನನಗೆ ಕಾಣ್ತದೆ, ಅದು ತೆಂಕು ಬದಿಗೆ ಇರಬಹುದು ಅಂತ."

"ನಿನಗೆ ಹೇಗೆ ಗೊತ್ತು?"

ಧನರಾಜ್ ಮತ್ತೆ ಕೆಮ್ಮಿದ. "ಮ್ಯಾಪಿನಲ್ಲಿ..."

"ನೋಡು ಧನು, ಊರಿನವರು ಇಷ್ಟು ಚಂದ ಹೇಳುವಾಗ ಮ್ಯಾಪು ನೋಡುದು ಅವರಿಗೆ ಅವಮಾನ. ಬಿಡು ಪ್ರವೀಣ."

ಜೀಪು ಮೂಡಕ್ಕೆ ಹೋಯಿತು. ಗುಣಪಾಲಣ್ಣ ಗೊನೆಯನ್ನು ಮತ್ತೆ ಹೊರಗಿಟ್ಟು, ಬಿಳಿ ಕಾರಿಗಾಗಿ ಕಾಯತೊಡಗಿದರು.

ಅತ್ತ ಈಶ್ವರಪ್ರಸಾದ ಭಟ್ಟರ ಮನೆಯಲ್ಲಿ ಜೀಪಿನ ಸದ್ದು ಕೇಳಿದ್ದೇ ಅನ್ನಪೂರ್ಣೇಶ್ವರಿ ಒಲೆಗೆ ನೀರಿಟ್ಟರು. "ಗುಣಪಾಲ ಕಳಿಸಿದ್ದು ಬಂತು ನೋಡಿ. ಎಷ್ಟು ಜನ?"

ಭಟ್ಟರು ಅಂಗಳಕ್ಕೆ ಬಂದು ಜೀಪಿನ ಬೋರ್ಡು ಓದಿದರು. ಕನ್ನಡದಲ್ಲಿ ಓದಿ, ನಂಬಿಕೆಯಾಗದೆ ಮಲಯಾಳದಲ್ಲೂ ಓದಿದರು. ಅವರ ಜಾಗದ ಒಂದು ಗಡಿಕಲ್ಲು ಕಾಣೆಯಾಗಿ ವರ್ಷಗಳೇ ಆಗಿದ್ದವು. ಅದನ್ನು ಅಳೆದು ಕೊಡಿ ಎಂದು ಅವರು ಬರೆಯುತ್ತಲೇ ಇದ್ದರು. ಅವರ ಕಣ್ಣಲ್ಲಿ ನೀರು ಬಂತು.

"ಬಂದಿರಾ! ಆದಿತ್ಯವಾರವಾದರೂ ಬಂದಿರಲ್ಲ! ಕೂತುಕೊಳ್ಳಿ."

ಚೆನ್ನಯ್ಯನವರು ಜಗಲಿಯಲ್ಲಿ ಕೂತರು. ಕೂತ ಮೇಲೆ ಭಟ್ಟರ ಎದೆಯ ಮೇಲಿನ ಜನಿವಾರ ಕಾಣಿಸಿತು. ಅವರು ಅಳಿಯನ ಕಡೆ ಬಾಗಿದರು.

"ದಲ್ಲಾಳಿ ಇದೊಂದು ಹೇಳಲಿಲ್ಲವಲ್ಲ ಮಾರಾಯ."

"ಮಾವ, ಇದು ಬೇರೆ ಮನೆ. ನಾವು ಹೋಗುವ."

"ಸುಮ್ಮನಿರು. ಹೋದ ತಿಂಗಳು ಯುವಕ ಮಂಡಲದಲ್ಲಿ ಜಾತಿ ಗೋಡೆ ಒಡೀಬೇಕು ಅಂತ ಮುಕ್ಕಾಲು ಗಂಟೆ ಮಾತಾಡಿದ್ದೇನೆ. ಶಾಲು ಸಹ ಹಾಕಿದ್ದಾರೆ. ಈಗ ಎದ್ದು ಹೋದರೆ ಜನ ಎಂತ ಹೇಳಿಯಾರು?" ಚೆನ್ನಯ್ಯನವರು ಗಂಟಲು ಸರಿಮಾಡಿಕೊಂಡು ಭಟ್ಟರ ಕಡೆ ತಿರುಗಿದರು. "ನಮಗೆ ಭೇದ ಇಲ್ಲ ಭಟ್ರೇ. ಮನಸ್ಸು ಮುಖ್ಯ."

"ಹೌದು, ಹೌದು. ನಾನು ಏನೂ ಮುಚ್ಚಿಡುವುದಿಲ್ಲ. ಒಂಬತ್ತು ಅರ್ಜಿ ಹಾಕಿದ್ದೇನೆ."

"ಒಂಬತ್ತು!" ಚೆನ್ನಯ್ಯನವರಿಗೆ ಕನಿಕರ ಉಕ್ಕಿತು. "ನೀವೇ ಹಾಕಿದ್ದಾ?"

"ನಾನೇ. ಒಬ್ಬರಾದರೂ ನೋಡಲು ಬರಲಿಲ್ಲ."

"ಇಂಥ ಕಾಲದಲ್ಲಿ! ಛೆ. ಎಷ್ಟು ವರ್ಷ ಆಯಿತು?"

"ಮೂವತ್ತೊಂದು."

ದಲ್ಲಾಳಿ ಇಪ್ಪತ್ತಾರು ಎಂದಿದ್ದ. ಆದರೂ ಯುವಕ ಮಂಡಲದ ಶಾಲು ಚೆನ್ನಯ್ಯನವರ ಕಣ್ಣ ಮುಂದೆ ಬಂತು.

"ಪರವಾಗಿಲ್ಲ. ಹೊತ್ತು ಮೀರುತ್ತಾ ಉಂಟು. ಮೊದಲು ನೋಡುವ, ಮತ್ತೆ ಕಾಫಿ."

"ಬನ್ನಿ," ಎಂದು ಭಟ್ಟರು ಉತ್ಸಾಹದಿಂದ ಎದ್ದು ಗೋಡೆಗೆ ಒರಗಿಸಿದ್ದ ಹಾರೆಯನ್ನು ಹೆಗಲಿಗೇರಿಸಿದರು. "ಸ್ವಲ್ಪ ಅಗೆಯಬೇಕಾದೀತು."

ಚೆನ್ನಯ್ಯನವರು ಕೂತಲ್ಲೇ ಬೆವೆತರು. ಧನರಾಜ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಅವನ ಸ್ಥಿತಿ ಕಠಿಣವಾಗಿತ್ತು. ಹುಡುಗಿಯ ಮನೆ ಇದಲ್ಲ ಎಂದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಫೋನಿನಲ್ಲಿ ನೆಟ್‌ವರ್ಕು ಅಂಗಡಿ ದಾಟುವಾಗಲೇ ಹೋಗಿತ್ತು. ಅಷ್ಟರಲ್ಲಿ ಪ್ರವೀಣ್ ಕಾಫಿಗಾಗಿ ಅಡಿಗೆಮನೆಯ ಬಾಗಿಲಿಗೆ ಹೋಗಿ, ತಮ್ಮೊಂದಿಗೆ ಬಂದಿರುವವನು ನಿಜವಾದ ಸರ್ವೆಯವನೇ ಎಂದು ಅನ್ನಪೂರ್ಣೇಶ್ವರಿಯವರಿಗೆ ಹೇಳಿಬಿಟ್ಟ.

ಮತ್ತೆ ಬಿಡುತ್ತಾರೆಯೇ? ಭಟ್ಟರು ಒಂಬತ್ತು ಅರ್ಜಿಗಳ ಪ್ರತಿಗಳನ್ನೂ ಒಂದು ಹಳೆಯ ಕೈನಕ್ಷೆಯನ್ನೂ ತಂದು ಧನರಾಜನ ಮಡಿಲಲ್ಲಿ ಸುರಿದರು. ಅನ್ನಪೂರ್ಣೇಶ್ವರಿ ಹೊಲಿಗೆಯ ಟೇಪು ತಂದರು. ಗಂಟೆ ಮೂರೂಮುಕ್ಕಾಲು. ಪ್ಯಾಂಟು ಮಡಚಿಕೊಂಡು ಧನರಾಜ್ ಗೇರುಮರದ ಬುಡದಲ್ಲಿ ಅಳೆಯುತ್ತಿದ್ದ. ಭಟ್ಟರು ಅಗೆಯುತ್ತಿದ್ದರು. ಕಲ್ಲು ಸಿಗುತ್ತಿರಲಿಲ್ಲ.

"ನೀನು ಹೆಣ್ಣು ನೋಡ್ಲಿಕ್ಕೆ ಬಂದದ್ದಾ, ಡ್ಯೂಟಿಗೆ ಬಂದದ್ದಾ?" ಎಂದು ಚೆನ್ನಯ್ಯನವರು ಕೂಗಿದರು.

ಆಗ ಭಟ್ಟರು ಹಾರೆ ನಿಲ್ಲಿಸಿದರು. "ಹೆಣ್ಣೋ? ಯಾವ ಹೆಣ್ಣು?"

ಹೆಣ್ಣಿನ ಮನೆಯಲ್ಲಿ ಆ ಹೊತ್ತಿಗೆ ಪಂಕಜಾಕ್ಷಿ ಮೂರನೆಯ ಸಲ ಗಂಡನಿಗೆ ಫೋನು ಮಾಡಿದ್ದರು. ಮೊಸರು ಕೇಳುವ ನೆಪದಲ್ಲಿ ಬಂದ ಗಂಗಾ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೊಸರು ಕೊಟ್ಟು ಕಾಲು ಗಂಟೆಯಾಗಿತ್ತು.

"ಬಂದ್ರಾ?" ಎಂದರು ಪಂಕಜಾಕ್ಷಿ.

"ಬಿಳಿ ಕಾರು ಬರಲೇ ಇಲ್ಲ. ಒಂದು ಸರ್ವೆ ಜೀಪು ಬಂದಿತ್ತು. ಭಟ್ಟರಲ್ಲಿಗೆ ಕಳಿಸಿದೆ," ಎಂದರು ಗುಣಪಾಲಣ್ಣ. ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

"ಜೀಪಿನಲ್ಲಿ ಯಾರಿದ್ರು?"

"ಒಬ್ರು ಬಿಳಿ ಮೀಸೆಯವರು. ಹಿಂದೆ ಒಬ್ಬ ಹುಡುಗ, ಕೆಮ್ಮುತ್ತಾ ಇದ್ದ. ಯಾವುದೋ ವಾರ್ಡ್ ಹನ್ನೊಂದು, ಇನ್ನೂರ ಹದಿನಾಲ್ಕು ಅಂತೆ. ಪಾಪ, ಯಾರೋ ಏನೋ."

ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಪೂಜಾಶ್ರೀ ಫೋನು ತೆಗೆದುಕೊಂಡಳು. "ಅಪ್ಪ, ಅದು ನಮ್ಮ ಮನೆ."

"ನಮ್ಮದು ಎಂಟನೇ ವಾರ್ಡ್ ಅಲ್ವಾ?"

"ಅದು ಎಲೆಕ್ಷನಿನ ಮೊದಲು. ಎಲ್ಲ ವಾರ್ಡು ಬದಲಾಗಿ ಈಗ ಹನ್ನೊಂದು."

"ನಂಬ್ರ?"

ಪಂಕಜಾಕ್ಷಿ ಫೋನನ್ನು ಕಸಿದುಕೊಂಡರು. "ಹೊಸ ನಂಬ್ರದ ತಗಡು ಬಾಗಿಲಿಗೆ ಹೊಡೀಲಿಕ್ಕೆ ಪಂಚಾಯತಿನವರು ಬಂದಾಗ ಅವರಿಗೆ ಸುತ್ತಿಗೆ ಕೊಟ್ಟದ್ದು ಯಾರು? ನೀವು! ಊರಿಗೆಲ್ಲ ದಾರಿ ಹೇಳ್ತೀರಿ, ನಿಮ್ಮ ಮನೆ ಎಲ್ಲಿ ಉಂಟು ಅಂತ ನಿಮಗೆ ಗೊತ್ತಿಲ್ಲ! ಮಗಳ ಮದುವೆಯನ್ನು ತಿರುಗಿಸಿ ಭಟ್ಟರ ಅಂಗಳಕ್ಕೆ ಕಳಿಸಿದ್ರಿ! ಹೋಗಿ, ಕರ್ಕೊಂಡು ಬನ್ನಿ! ನಾಲ್ಕೂವರೆಯ ಒಳಗೆ ಬರದಿದ್ದರೆ ನೀವೂ ಬರುದು ಬೇಡ!"

ಗಂಗಾ ಮೊಸರಿನ ಪಾತ್ರೆಯನ್ನು ಅಲ್ಲೇ ಇಟ್ಟು ಓಡಿದಳು. ಸುದ್ದಿಗೆ ಎರಡೂ ಕೈ ಬೇಕಾಗಿತ್ತು.

ಗುಣಪಾಲಣ್ಣ ಸ್ಕೂಟರ್ ಹತ್ತಿ ಮೂಡಕ್ಕೆ ಹೊರಟರು. ಇಲ್ಲಿ ಒಂದು ಸತ್ಯವನ್ನು ಹೇಳಲೇಬೇಕು. ಇಪ್ಪತ್ತೆರಡು ವರ್ಷ ಜನರನ್ನು ಆ ಮಾರ್ಗಕ್ಕೆ ಕಳಿಸಿದ ಅವರು ಸ್ವತಃ ಒಮ್ಮೆಯೂ ಅದರ ಕೊನೆ ಕಂಡವರಲ್ಲ. ಭಟ್ಟರೇ ಅಂಗಡಿಗೆ ಬರುತ್ತಿದ್ದರು. ಮತ್ತೆ ಹೋಗುವ ಅಗತ್ಯವೇನು?

ಒಂದು ಕಿಲೋಮೀಟರ್ ಆದ ಮೇಲೆ ಮಾರ್ಗ ಎರಡಾಗಿ ಕವಲೊಡೆಯಿತು. ಎಡದ್ದು ಹೊಸ ಕಾಂಕ್ರೀಟು, ಹೋದ ವರ್ಷ ಆದದ್ದು. ಬಲದ್ದು ಹೊಂಡಗಳ ಹಳೆಯ ಟಾರು. ಗುಣಪಾಲಣ್ಣ ಮುರಿದ ಕಟ್ಟೆಗಾಗಿ ಹುಡುಕಿದರು. ಕಟ್ಟೆ ಇರಲಿಲ್ಲ. ತಾಳೆಮರಕ್ಕಾಗಿ ನೋಡಿದರು. ಒಂದೂ ಇರಲಿಲ್ಲ. ತಾನು ಇಷ್ಟು ವರ್ಷ ಇಷ್ಟು ಸ್ಪಷ್ಟವಾಗಿ ವರ್ಣಿಸಿದ ವಸ್ತುಗಳು ಜಾಗದಲ್ಲಿ ಇಲ್ಲದ್ದು ಕಂಡು ಅವರಿಗೆ ಊರಿನವರ ಮೇಲೆಯೇ ಸಿಟ್ಟು ಬಂತು. ಯಾರೋ ಕಡಿದಿರಬೇಕು.

ಅವರು ಕಾಂಕ್ರೀಟಿನಲ್ಲಿ ಹೋದರು. ಕಾಂಕ್ರೀಟು ಗೇರುಗು‌ಡ್ಡೆ ಹತ್ತಿತು, ಇಳಿಯಿತು, ನೀರು ಹರಿಯುವ ಒಂದು ತೋಡು ದಾಟಿತು. ತೋಡಿನ ಆಚೆ ಕರೆಂಟು ಕಂಬಗಳ ಆಕಾರ ಬದಲಾಯಿತು. ಅಂಗಡಿಯ ಬೋರ್ಡುಗಳಲ್ಲಿ ಮಲಯಾಳ ಮಾಯವಾಯಿತು. ಗುಣಪಾಲಣ್ಣ ಇದೊಂದನ್ನೂ ಗಮನಿಸಲಿಲ್ಲ. ನಾಲ್ಕು ಗಂಟೆಗೆ ಐದು ನಿಮಿಷ ಇರುವಾಗ ಒಂದು ಸಣ್ಣ ಜಂಕ್ಷನಿನಲ್ಲಿ ನಿಂತರು. ಅಲ್ಲಿ ಶರತ್ಚಂದ್ರ ಎಂಬವರ ಅಂಗಡಿ. ಬಾಳೆಹಣ್ಣು, ಸೋಡಾ, ರೀಚಾರ್ಜು, ಹಗ್ಗ.

"ಭಟ್ಟರ ಮನೆಗೆ ಹೇಗೆ ಹೋಗುದು?"

"ಯಾವ ಭಟ್ರು? ಇಲ್ಲಿ ಹನ್ನೆರಡು ಮನೆ ಭಟ್ರುಂಟು."

"ಈಶ್ವರಪ್ರಸಾದ ಭಟ್ಟರು. ಮಾರ್ಗ ಮುಗಿಯುವಲ್ಲಿ."

ಶರತ್ಚಂದ್ರ ಒಂದು ಕ್ಷಣ ಆಕಾಶ ನೋಡಿದರು. ಆ ನೋಟದ ಅರ್ಥ ಈ ಭೂಮಿಯ ಮೇಲೆ ಗುಣಪಾಲಣ್ಣನಿಗಲ್ಲದೆ ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಗೊತ್ತಿರಲಾರದು.

"ಹೀಗೆ ಪಡು ಬದಿಗೆ ಹೋಗಿ. ತೋಡಿನ ಹತ್ರ ಒಂದು ದೊಡ್ಡ ಕಲ್ಲು. ಅಲ್ಲಿಂದ ಮುಂದೆ ಕೇರಳ. ಅಲ್ಲಿ ಮೂರು ಮಾರ್ಗ ಸೇರುವಲ್ಲಿ ಗುಣಪಾಲ ಅಂತ ಒಬ್ಬರ ಅಂಗಡಿ ಉಂಟು. ಅವರನ್ನು ಕೇಳಿ. ನನಗೆ ಗೊತ್ತಿಲ್ಲದ್ದನ್ನೆಲ್ಲ ನಾನು ಅವರಲ್ಲಿಗೇ ಕಳಿಸುದು. ಅವರಿಗೆ ಎಲ್ಲ ಗೊತ್ತುಂಟು."

ಭೂಮಿ ದುಂಡಗಿದೆ ಎಂಬುದನ್ನು ಪಾಠಪುಸ್ತಕದಲ್ಲಿ ಓದಿದವರು ಬಹಳ. ಸ್ವಂತ ಅನುಭವದಿಂದ ಕಂಡುಕೊಂಡವರು ಕಡಿಮೆ. ಗುಣಪಾಲಣ್ಣ ಸ್ಕೂಟರಿನ ಮೇಲೆ ಕಲ್ಲಾಗಿ ಕೂತರು.

"ಕೇರಳ ಅಲ್ಲಿ ಆದರೆ, ಇದು ಎಲ್ಲಿ?"

"ಇದು ಕರ್ನಾಟಕ ಮಾರ್ರೆ. ಸೋಡಾ ಕುಡೀತೀರಾ?"

ಇತ್ತ ಪೂಜಾಶ್ರೀ ಅಪ್ಪನನ್ನು ಕಾದು ಕೂರುವ ಮೂರ್ಖತನ ಮಾಡಿರಲಿಲ್ಲ. ಅವರ ಮನೆಯ ಹಿಂದೆ ಒಂದು ಕೆಂಪು ಮುರಕಲ್ಲಿನ ಗುಡ್ಡ. ಮಾರ್ಗ ಆ ಗುಡ್ಡವನ್ನು ಸುತ್ತಿ ಸುತ್ತಿ ಭಟ್ಟರ ಮನೆಗೆ ಹೋಗುತ್ತದೆ. ಆದರೆ ಗುಡ್ಡ ಹತ್ತಿ ಇಳಿದರೆ ಭಟ್ಟರ ಬಾವಿಕಟ್ಟೆ, ಹನ್ನೆರಡು ನಿಮಿಷದ ಕಾಲುದಾರಿ. ಅವಳು ಹೊಸ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಚಪ್ಪಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಗುಡ್ಡ ಇಳಿದು ಬಂದಳು.

ಭಟ್ಟರ ಗೇರುಮರದ ಬುಡದಲ್ಲಿ ಮೂರು ಹೊಂಡಗಳಾಗಿದ್ದವು. ಚೆನ್ನಯ್ಯನವರು ಗಡಿಯಾರ ನೋಡುತ್ತಾ, "ಪ್ರವೀಣ, ಜೀಪು ತಿರುಗಿಸು, ಮನೆಗೆ ಹೋಗುವ, ದೇವರು ಬೇಡ ಅಂತಾನೆ," ಎನ್ನುತ್ತಿದ್ದರು. ಭಟ್ಟರು, "ಹೆಣ್ಣು ನಮ್ಮಲ್ಲಿ ಇಲ್ಲ, ನಿಜ, ಆದರೆ ಕಲ್ಲು ಉಂಟಲ್ಲ, ಕಲ್ಲು ನೋಡಿ ಹೋಗಿ," ಎಂದು ಅವರ ಕೈ ಹಿಡಿದಿದ್ದರು.

ಪೂಜಾಶ್ರೀ ಯಾರನ್ನೂ ಮಾತಾಡಿಸದೆ ಧನರಾಜನ ಕೈಯಿಂದ ನಕ್ಷೆ ತೆಗೆದುಕೊಂಡು, ನೋಡಿ, ತಲೆಕೆಳಗೆ ಮಾಡಿದಳು.

"ಭಟ್ರೇ, ನೀವು ಇದನ್ನು ಉಲ್ಟಾ ಹಿಡಿದು ಅಗೀತಾ ಇದ್ದೀರಿ. ತೋಡು ಈ ಬದಿಗೆ ಬರಬೇಕು. ನಿಮ್ಮ ಕಲ್ಲು ಮೂಡು ಬದಿಯಲ್ಲಿ ಅಲ್ಲ, ಪಡು ಬದಿಯಲ್ಲಿ. ಬಾವಿಯಿಂದ ಹದಿನೆಂಟು ಅಡಿ."

ಎಲ್ಲರೂ ಬಾವಿಯ ಪಡು ಬದಿಗೆ ಓಡಿದರು. ಹದಿನೆಂಟು ಅಡಿಗೆ ಸರಿಯಾಗಿ ಇದ್ದದ್ದು ಅನ್ನಪೂರ್ಣೇಶ್ವರಿಯವರು ಬಟ್ಟೆ ಒಗೆಯುವ ಕಲ್ಲು. ಭಟ್ಟರು ಸಾಬೂನಿನ ಪಾಚಿ ಕೆರೆದರು. ಕೆಳಗೆ ಸರ್ವೆಯ ಗುರುತು ಕಾಣಿಸಿತು.

"ಒಂಬತ್ತು ಅರ್ಜಿ!" ಎಂದರು ಅನ್ನಪೂರ್ಣೇಶ್ವರಿ. "ಒಮ್ಮೆಯಾದರೂ ನನ್ನತ್ರ ಕೇಳಿದ್ದೀರಾ?"

ಚೆನ್ನಯ್ಯನವರು ಬಾಯಿ ತೆರೆದು ನಿಂತಿದ್ದರು. "ಅಮ್ಮ, ನೀನು ಯಾರು?"

"ವಾರ್ಡ್ ಹನ್ನೊಂದು, ಇನ್ನೂರ ಹದಿನಾಲ್ಕು," ಎಂದಳು ಪೂಜಾಶ್ರೀ. "ನಾಲ್ಕು ಗಂಟೆ ಎಂಟು ನಿಮಿಷ ಆಯಿತು. ಜೀಪಿನಲ್ಲಿ ಸುತ್ತಿ ಹೋದರೆ ಈ ಹೊಂಡದಲ್ಲಿ ಇಪ್ಪತ್ತೈದು ನಿಮಿಷ. ಗುಡ್ಡ ಹತ್ತಿದರೆ ಹನ್ನೆರಡು. ನೀವು ನಿಧಾನ ನಡೆದರೆ ಹದಿನಾರು."

"ನಾನು ನಿಧಾನ ಅಲ್ಲ," ಎಂದರು ಚೆನ್ನಯ್ಯನವರು. "ಆದರೆ ತಂದೆ ಬೇಕು. ಬಾಗಿಲಲ್ಲಿ ನಿಂತು ತಂದೆ ಕರೆಯದೆ ನಾನು ಹೊಸ್ತಿಲು ದಾಟುವವನಲ್ಲ. ಎಲ್ಲಿ ಅವರು?"

ಈ ಪ್ರಶ್ನೆಗೆ ಉತ್ತರ ಆ ಜಿಲ್ಲೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಪೂಜಾಶ್ರೀ ಭಟ್ಟರ ಲ್ಯಾಂಡ್‌ಲೈನಿನಿಂದ ಫೋನು ಮಾಡಿದಳು.

"ಅಪ್ಪ, ಎಲ್ಲಿದ್ದೀರಿ?"

"ಇಲ್ಲೇ. ಹತ್ರ. ಒಂದು ಕಟ್ಟೆ ಉಂಟು..."

"ಅಪ್ಪ."

"ಎರಡು ತಾಳೆಮರ..."

"ಅಪ್ಪ, ಎಲ್ಲಿದ್ದೀರಿ?"

ಫೋನಿನಲ್ಲಿ ಸೋಡಾ ಬಾಟಲಿಯ ಗೋಲಿ ಉರುಳಿದ ಸದ್ದು ಕೇಳಿತು. ಮತ್ತೆ ಬಹಳ ಸಣ್ಣ ದನಿ.

"ಗೊತ್ತಿಲ್ಲ ಮಗಾ."

ಇಪ್ಪತ್ತೆರಡು ವರ್ಷದ ದಾಖಲೆ ಹೀಗೆ ಪರರಾಜ್ಯದಲ್ಲಿ ಮುರಿಯಿತು. ಸಾಕ್ಷಿಗೆ ಶರತ್ಚಂದ್ರ ಒಬ್ಬರೇ ಇದ್ದರು.

"ಬಿಸಿಲು ಎಲ್ಲಿ ಬೀಳ್ತಾ ಉಂಟು?" ಎಂದು ಕೇಳಿದಳು ಮಗಳು.

"ಬೆನ್ನಿಗೆ."

"ಹಾಗಾದರೆ ಸ್ಕೂಟರ್ ತಿರುಗಿಸಿ. ಬಿಸಿಲು ಮುಖಕ್ಕೆ ಬೀಳಬೇಕು. ತೋಡು ದಾಟಿದಿರಾ?"

"ಒಂದು ದಾಟಿದೆ."

"ಅದನ್ನೇ ವಾಪಸು ದಾಟಿ. ಮತ್ತೆ ತೋಡು ಎಡಗೈಯಲ್ಲಿ ಇರಲಿ. ಎಲ್ಲಿ ಬಲಕ್ಕೆ ಹೋಗ್ಲಿಕ್ಕೆ ಮನಸ್ಸಾಗ್ತದೋ ಅಲ್ಲಿ ಹೋಗಬೇಡಿ. ಯಾರನ್ನೂ ಕೇಳಬೇಡಿ. ಯಾರಾದರೂ ಕೇಳಿದರೆ ಹೇಳಬೇಡಿ. ಸೀದಾ ಮನೆಗೆ."

ಗುಡ್ಡದ ಯಾತ್ರೆ ಹೊರಟಿತು. ಮುಂದೆ ಪೂಜಾಶ್ರೀ, ನಡುವೆ ಚೆನ್ನಯ್ಯನವರು, ಹಿಂದೆ ಅವರನ್ನು ತಳ್ಳುತ್ತಾ ಧನರಾಜ್, ಅವನ ಹಿಂದೆ ಕೃತಜ್ಞತೆಯಿಂದ ಭಟ್ಟರು, ಭಟ್ಟರ ಹಿಂದೆ ಕುಡಿಯದ ಕಾಫಿಯ ಪಾತ್ರೆ ಹಿಡಿದು ಅನ್ನಪೂರ್ಣೇಶ್ವರಿ. ಅರ್ಧ ಗುಡ್ಡದಲ್ಲಿ ಚೆನ್ನಯ್ಯನವರು ಏದುಸಿರು ಬಿಡುತ್ತಾ ಕೇಳಬೇಕಾದ್ದನ್ನು ಕೇಳಿದರು.

"ಅಡಿಗೆ... ಬರ್ತದಾ?"

"ಬರ್ತದೆ. ಇಲ್ಲಿ ಎಡಕ್ಕೆ ಹೆಜ್ಜೆ ಇಡಿ."

"ಭಜನೆ?"

"ಇಲ್ಲ. ಈ ಕಲ್ಲು ಅಲುಗಾಡ್ತದೆ, ಆಚೆಯದ್ದಕ್ಕೆ ಕಾಲಿಡಿ."

"ನನಗೆ ಇವಳು ಆದೀತು ಧನು," ಎಂದು ಚೆನ್ನಯ್ಯನವರು ಹಿಂದೆ ತಿರುಗಿ ಪಿಸುಗುಟ್ಟಿದರು. "ಹೇಗೆ ಹುಡುಕಿದೆ ನೋಡು ನಾನು! ಆದರೆ ಹೊಸ್ತಿಲು ದಾಟಬೇಕು, ತಂದೆ ಇರಬೇಕು."

ಮನೆಯ ಅಂಗಳದಲ್ಲಿ ಗಂಗಾ ಸೇರಿಸಿದ ಹದಿನೈದು ಇಪ್ಪತ್ತು ಮಂದಿ ನಿಂತಿದ್ದರು. ನಾಲ್ಕು ಗಂಟೆ ಇಪ್ಪತ್ತಾರು ನಿಮಿಷ. ತಂದೆ ಇಲ್ಲ. ಪಂಕಜಾಕ್ಷಿ ಆಕಾಶಕ್ಕೆ ಕೈ ಮುಗಿದರು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಸ್ಕೂಟರ್ ಕಾಣಿಸಿತು. ಗುಣಪಾಲಣ್ಣ ಬಿಸಿಲಿಗೆ ಕಣ್ಣು ಅರ್ಧ ಮುಚ್ಚಿ, ಯಾರ ಮುಖವನ್ನೂ ನೋಡದೆ, ತೋಡಿನ ನೀರಿನಲ್ಲಿ ಮೊಣಕಾಲಿನವರೆಗೆ ಒದ್ದೆಯಾಗಿ ಬಂದು ಅಂಗಳದಲ್ಲಿ ಸ್ಕೂಟರ್ ಕೆಡವಿ, ಜಗಲಿ ಹತ್ತಿ ಬಾಗಿಲಲ್ಲಿ ನಿಂತರು.

"ಬನ್ನಿ, ಬನ್ನಿ," ಎಂದು ಅವರು ಕರೆದರು. ಆಮೇಲೆ ಕಣ್ಣು ತೆರೆದರು.

"ಇವ!" ಚೆನ್ನಯ್ಯನವರ ಮೀಸೆ ನೆಟ್ಟಗಾಯಿತು. "ಮುರಿದ ಕಟ್ಟೆಯವ! ಇವನೇ ತಂದೆಯಾ? ಸ್ವಂತ ಮನೆಯ ದಾರಿ ತಪ್ಪಿಸಿ ಹೇಳುವ ಮನುಷ್ಯನ ಸಂಬಂಧ ಮಾಡುದು ಹೇಗೆ? ನಾನು ಒಳಗೆ ಬರುದಿಲ್ಲ!"

ಗುಣಪಾಲಣ್ಣ ಬಾಗಿಲಲ್ಲೇ ಎರಡೂ ಕೈ ಮುಗಿದರು.

"ತಪ್ಪು ನನ್ನದು," ಎಂದರು. "ಅವಳದ್ದಲ್ಲ. ಅವಳಿಗೆ ಎಲ್ಲ ದಾರಿ ಗೊತ್ತುಂಟು. ನಾನು ಈಗ ಮನೆಗೆ ಬಂದು ಮುಟ್ಟಿದ್ದು ಸಹ ಅವಳು ಹೇಳಿದ್ದರಿಂದ."

ಚೆನ್ನಯ್ಯನವರು ಗಡಿಯಾರ ನೋಡಿದರು. ನಾಲ್ಕು ಇಪ್ಪತ್ತೆಂಟು. ಹುಡುಗಿಯನ್ನು ನೋಡಿದರು. ಗೊಣಗುತ್ತಾ ಚಪ್ಪಲಿ ಕಳಚಿದರು, ರಾಹುವಿಗಿಂತ ಮೊದಲು ಹೋಗುವ ಆತುರದಲ್ಲಿ ಎದೆಯುಬ್ಬಿಸಿ ಹೊಸ್ತಿಲು ದಾಟಿದರು, ಮತ್ತು ಬಾಗಿಲಿನ ಮೇಲಿನ ಅಡ್ಡಕ್ಕೆ ಹಣೆಯನ್ನು ಠಪ್ಪೆಂದು ಬಡಿದುಕೊಂಡರು. ಹಳೆಯ ಕಾಲದ ಗಿಡ್ಡ ಬಾಗಿಲು ಅದು. ಮೊದಲ ಸಲ ಬಂದವರು ಯಾರೂ ಹಣೆಗೆ ಪೆಟ್ಟಾಗದೆ ಆ ಮನೆ ಹೊಕ್ಕದ್ದಿಲ್ಲ. ಅವರ ಹಿಂದೆಯೇ ಬಂದ ಭಟ್ಟರೂ ಬಡಿದುಕೊಂಡರು.

"ಅಯ್ಯೋ ಮಾವ!" ಎಂದು ಧನರಾಜ್ ತಲೆ ತಗ್ಗಿಸಿ ಸರಾಗವಾಗಿ ಒಳಗೆ ನುಗ್ಗಿದ. ಚಾವಡಿ ದಾಟಿದ, ಎಡಕ್ಕೆ ತಿರುಗಿದ, ಅಲ್ಲಿಯ ಇನ್ನೊಂದು ಗಿಡ್ಡ ಬಾಗಿಲಿಗೂ ತಲೆ ತಗ್ಗಿಸಿದ, ಮತ್ತು ಒಂದು ಚೊಂಬು ತಣ್ಣೀರಿನೊಂದಿಗೆ ಹಿಂದೆ ಬಂದು ಮಾವನ ಹಣೆಗೆ ಒತ್ತಿ ಹಿಡಿದ.

ಅಡಿಗೆಮನೆ ಎಲ್ಲಿ ಎಂದು ಅವನು ಯಾರನ್ನೂ ಕೇಳಿರಲಿಲ್ಲ.

ಗುಣಪಾಲಣ್ಣ ಹೆಂಡತಿಯನ್ನು ನೋಡಿದರು. ಪಂಕಜಾಕ್ಷಿ ಗೋಡೆಯ ಕ್ಯಾಲೆಂಡರಿನಲ್ಲಿ ಬಹಳ ಮುಖ್ಯವಾದದ್ದೇನನ್ನೋ ಓದುತ್ತಿದ್ದರು. ಪೂಜಾಶ್ರೀ ಸೀರೆಯ ಸೆರಗನ್ನು ಓದುತ್ತಿದ್ದಳು. ಚೆನ್ನಯ್ಯನವರು ಚೊಂಬನ್ನು ನೋಡಿದರು, ಅಳಿಯನನ್ನು ನೋಡಿದರು, ಅವನು ಬಂದ ಬಾಗಿಲನ್ನು ನೋಡಿದರು. ಹಣೆಯ ಬುಗುಟು ಕಣ್ಣೆದುರೇ ದೊಡ್ಡದಾಗುತ್ತಿತ್ತು. ಗೋಡೆಯ ಗಡಿಯಾರ ನಾಲ್ಕೂವರೆ ಹೊಡೆಯಿತು.

"ಗುಣಪಾಲರೇ," ಎಂದರು ಅವರು ನಿಧಾನವಾಗಿ, "ದಿನ ಬೇಗ ನೋಡುವ. ತಡ ಮಾಡಿದರೆ ಇವ ನಿಮ್ಮ ರೇಶನ್ ಕಾರ್ಡಿಗೂ ಸೇರಿಯಾನು."